ಮಸುಕೇ ಇಲ್ಲದ ವಿಡಿಯೋ ಕಾಲ್

ಊರಿಗೆ ದಿನಾ ವಿಡಿಯೋ ಕಾಲ್ ಮಾಡುವ ನಮ್ಮಂಥವರಿಗಾಗಿ ಮೊದಲು ಒಂದು ಸಣ್ಣ ಲೆಕ್ಕ. ಫುಲ್ ಎಚ್‌ಡಿ ಚಿತ್ರವೊಂದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ. ಒಟ್ಟು 20 ಲಕ್ಷದ 73 ಸಾವಿರ ಚಿಲ್ಲರೆ. ಪ್ರತಿ ಚುಕ್ಕೆಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್. ಸೆಕೆಂಡಿಗೆ ಇಂಥ 30 ಚಿತ್ರ. ಗುಣಿಸಿ ನೋಡಿದರೆ ಸೆಕೆಂಡಿಗೆ 18 ಕೋಟಿ 66 ಲಕ್ಷ ಬೈಟ್ ಆಗುತ್ತದೆ. ಚಿತ್ರವನ್ನು ಇದ್ದ ಹಾಗೇ ಕಳಿಸಿದರೆ ದಿನಕ್ಕೆ 2 ಜಿಬಿ ಸಿಗುವ ಪ್ಯಾಕು ಹನ್ನೊಂದು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ‘ಊಟ ಆಯ್ತಾ?’ ಎಂದು ಕೇಳಿ, ಆ ಕಡೆಯಿಂದ ‘ಹ್ಞಾಂ, ಆಯ್ತು, ನಿಂದು?’ ಎನ್ನುವಷ್ಟರಲ್ಲಿ ಅವತ್ತಿನ ಡೇಟಾ ಖಾಲಿ.

ಆದರೂ ನಾವು ಗಂಟೆಗಟ್ಟಲೆ ಮಾತಾಡುತ್ತೇವೆ. ಸೆಕೆಂಡಿಗೆ ಒಂದೂವರೆ ಮೆಗಾಬಿಟ್ ಸಿಕ್ಕರೆ ಸಾಕು, ಅಮ್ಮನ ಮುಖ, ಹಿಂದಿನ ಗೋಡೆ, ಗೋಡೆಯ ಕ್ಯಾಲೆಂಡರು ಎಲ್ಲ ತಕ್ಕಮಟ್ಟಿಗೆ ಕಾಣುತ್ತದೆ. ಅಂದರೆ ಸಾವಿರ ಪಾಲಿನಲ್ಲಿ ಒಂದು ಪಾಲು ಮಾತ್ರ ತಂತಿಯ ಮೇಲೆ ಹೋಗುತ್ತಿದೆ. ಉಳಿದ 999 ಪಾಲನ್ನು ಎಲ್ಲೋ ಬಿಸಾಡಿದ್ದಾರೆ, ಅದು ನಮ್ಮ ಗಮನಕ್ಕೂ ಬರುವುದಿಲ್ಲ.

ಈ ಬಿಸಾಡುವ ವಿದ್ಯೆಗೆ ಕಂಪ್ರೆಷನ್ ಎಂದು ಹೆಸರು. ಹತ್ತು ವರ್ಷಕ್ಕೂ ಮೇಲಾಯಿತು, ಚೆನ್ನೈನ ಓಎಂಆರ್‌ನಲ್ಲಿ ಕೂತು ನಾನು ಇದೇ ಕೆಲಸ ಮಾಡಿಕೊಂಡಿದ್ದೇನೆ. ಈ ಊರಿಗೂ ವಿಡಿಯೋ ಕಂಪ್ರೆಷನ್ನಿಗೂ ಇರುವ ನಂಟು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಎಕ್ಸ್265 ಎಂಬ ಓಪನ್ ಸೋರ್ಸ್ ಎನ್‌ಕೋಡರ್ 2013ರಲ್ಲಿ ಹೊರಬಂತು. ಅದನ್ನು ಬೆಳೆಸಿದ ಮಲ್ಟಿಕೋರ್‌ವೇರ್ ಕಂಪನಿಯ ಎಂಜಿನಿಯರುಗಳು ಇದೇ ಚೆನ್ನೈನಲ್ಲಿದ್ದಾರೆ. (ನಾನು ಅಲ್ಲಿಯವನಲ್ಲ, ನನ್ನದು ಬೇರೆ ಕಂಪನಿ.) ಆದರೆ ನಂಟು ಅದಕ್ಕಿಂತ ಬಹಳ ಹಳೆಯದು, ಮತ್ತು ಅದರಲ್ಲಿ ಬೆಂಗಳೂರಿಗೂ ಪಾಲಿದೆ.

ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. 1961ರಲ್ಲಿ ಕೆ.ಆರ್. ವೃತ್ತದ ಯುವಿಸಿಇಯಿಂದ, ಅಂದರೆ ವಿಶ್ವೇಶ್ವರಯ್ಯನವರು ಕಟ್ಟಿದ ಎಂಜಿನಿಯರಿಂಗ್ ಕಾಲೇಜಿನಿಂದ, ಪದವಿ ಪಡೆದು ಅಮೆರಿಕಕ್ಕೆ ಹೋದರು. ಕೆ.ಆರ್. ರಾವ್ ಮದರಾಸಿನವರು, 1931ರಲ್ಲಿ ಹುಟ್ಟಿದವರು. 1952ರಲ್ಲಿ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದು ಮುಗಿಸಿದರು. ಇಬ್ಬರೂ 1966ರಲ್ಲಿ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದರು. ಮುಂದೆ ಅಹ್ಮದ್ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ, 1972ರಲ್ಲಿ, ಚಿತ್ರಗಳನ್ನು ಕೊಸೈನ್ ಅಲೆಗಳಾಗಿ ಒಡೆದು ಕುಗ್ಗಿಸುವ ಒಂದು ಯೋಚನೆಗೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಬಳಿ ಹಣ ಕೇಳಿದರು. ಸಿಗಲಿಲ್ಲ. ಇದು ತೀರಾ ಸರಳವಾಯಿತು ಎಂದು ಒಬ್ಬ ವಿಮರ್ಶಕರು ಬರೆದಿದ್ದರಂತೆ. ಅಹ್ಮದ್ ಬಿಡಲಿಲ್ಲ. 1973ರ ಬೇಸಿಗೆಯನ್ನೆಲ್ಲ ಅದಕ್ಕೇ ಮುಡಿಪಿಟ್ಟರು. ಜೊತೆಗೆ ಅವರ ಪಿಎಚ್‌ಡಿ ವಿದ್ಯಾರ್ಥಿ ಟಿ. ನಟರಾಜನ್, ಆ ಹೊತ್ತಿಗೆ ಟೆಕ್ಸಾಸಿನಲ್ಲಿ ಮೇಷ್ಟ್ರಾಗಿದ್ದ ರಾವ್. 1974ರ ಜನವರಿಯಲ್ಲಿ ಮೂವರ ಹೆಸರಿನಲ್ಲಿ ನಾಲ್ಕೇ ಪುಟದ ಪ್ರಬಂಧ ಬಂತು: ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ನಮ್ಮ ಬಾಯಲ್ಲಿ ಡಿಸಿಟಿ.

ಆ ನಾಲ್ಕು ಪುಟದ ಮೇಲೆ 1992ರ ಜೆಪೆಗ್ ನಿಂತಿದೆ. 1988ರ ಎಚ್.261ರಿಂದ ಇವತ್ತಿನ ಎಚ್.266ವರೆಗೆ ಎಲ್ಲ ವಿಡಿಯೋ ಕೋಡೆಕ್‌ಗಳ ಹೊಟ್ಟೆಯಲ್ಲೂ ಅದರ ಒಂದಲ್ಲ ಒಂದು ರೂಪ ಇದೆ. ರಾವ್ 2021ರ ಜನವರಿಯಲ್ಲಿ ತೀರಿಕೊಂಡರು. ಮರುತಿಂಗಳೇ ‘ದಿಸ್ ಈಸ್ ಅಸ್’ ಎಂಬ ಅಮೆರಿಕನ್ ಧಾರಾವಾಹಿಯ ಒಂದು ಕಂತಿನಲ್ಲಿ ಅಹ್ಮದ್ ದಂಪತಿಯ ಕಥೆ ಬಂತು. ಸರ್ದಾರ್ ಪಟೇಲ್ ರಸ್ತೆಯಲ್ಲಿ ಗಿಂಡಿ ಕಾಲೇಜಿನ ಕೆಂಪು ಕಟ್ಟಡ ಹಾದುಹೋಗುವಾಗಲೆಲ್ಲ ನನಗೆ ಒಂದು ಸಣ್ಣ ಸಿಟ್ಟು ಬರುತ್ತದೆ. ಈ ಊರಿನಲ್ಲಿ ಸಿನಿಮಾ ನಟರ ಕಟೌಟಿಗೆ ಜಾಗ ಇದೆ, ಬೆಂಗಳೂರಿನಲ್ಲೂ ಇದೆ. ಅವರ ಸಿನಿಮಾವನ್ನು ನಮ್ಮ ಫೋನಿಗೆ ತಂದು ತುರುಕಿದವರ ಹೆಸರು ಎರಡೂ ಊರಲ್ಲಿ ನೂರರಲ್ಲಿ ಒಬ್ಬರಿಗೆ ಗೊತ್ತಿದ್ದರೆ ಹೆಚ್ಚು.

ಅವರು ಮಾಡಿದ್ದೇನು? ಚಿತ್ರವನ್ನು 8 ಚುಕ್ಕೆ ಉದ್ದ, 8 ಚುಕ್ಕೆ ಅಗಲದ ಸಣ್ಣ ಚೌಕಗಳಾಗಿ ಕತ್ತರಿಸಿಕೊಳ್ಳಿ. ಒಂದು ಚೌಕದಲ್ಲಿ 64 ಸಂಖ್ಯೆ. ಡಿಸಿಟಿ ಆ 64ನ್ನು ಬೇರೆ 64 ಸಂಖ್ಯೆಗಳಾಗಿ ಬದಲಿಸುತ್ತದೆ. ಮೊದಲನೆಯದು ಇಡೀ ಚೌಕದ ಸರಾಸರಿ ಬೆಳಕನ್ನು ಹೇಳುತ್ತದೆ, ಮುಂದಿನವು ಬೆಳಕು ಎಷ್ಟೆಷ್ಟು ಬೇಗ ಏರಿಳಿಯುತ್ತದೆ ಎಂಬುದನ್ನು ಹೇಳುತ್ತವೆ. ಗೋಡೆ, ಆಕಾಶ, ಕೆನ್ನೆ ಇಂಥ ನುಣುಪಾದ ಜಾಗಗಳಲ್ಲಿ ಮೊದಲ ಐದಾರು ಸಂಖ್ಯೆ ಬಿಟ್ಟರೆ ಉಳಿದದ್ದೆಲ್ಲ ಹೆಚ್ಚುಕಡಿಮೆ ಸೊನ್ನೆ. ಸೊನ್ನೆಯನ್ನು ಕಳಿಸುವ ಅಗತ್ಯ ಇಲ್ಲ. ಕಳಿಸಬೇಕಾದ್ದನ್ನೂ ಒರಟಾಗಿ ದುಂಡು ಮಾಡಿ ಕಳಿಸಬಹುದು. ಕಣ್ಣು ಬೆಳಕಿನಷ್ಟು ಸೂಕ್ಷ್ಮವಾಗಿ ಬಣ್ಣವನ್ನು ಗುರುತಿಸುವುದಿಲ್ಲವಾದ್ದರಿಂದ ಬಣ್ಣದ ಮಾಹಿತಿಯನ್ನು ನಾಲ್ಕು ಚುಕ್ಕೆಗೆ ಒಂದರಂತೆ ಉಳಿಸಿಕೊಂಡರೆ ಸಾಕು. ವಿಡಿಯೋ ಆದರೆ ಇನ್ನೂ ಒಂದು ಲಾಭ ಇದೆ: ಹಿಂದಿನ ಫ್ರೇಮಿನಲ್ಲಿ ಇದ್ದದ್ದೇ ಈ ಫ್ರೇಮಿನಲ್ಲೂ ಇರುತ್ತದೆ, ಸ್ವಲ್ಪ ಸರಿದಿರುತ್ತದೆ ಅಷ್ಟೇ. ಎಷ್ಟು ಸರಿಯಿತು ಎಂಬುದನ್ನೂ ಉಳಿದ ವ್ಯತ್ಯಾಸವನ್ನೂ ಕಳಿಸಿದರಾಯಿತು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಪ್ರತಿ ಚಿತ್ರಕ್ಕೂ ಅದರದೇ ಅಂಕಿಅಂಶ ಲೆಕ್ಕ ಹಾಕಿ, ಅದಕ್ಕೆಂದೇ ಹೊಲಿದ ಅತ್ಯುತ್ತಮ ಟ್ರಾನ್ಸ್‌ಫಾರ್ಮ್ ಒಂದಿದೆ, ಕಾರ್ಹುನೆನ್-ಲೋವ್ ಎಂದು ಅದರ ಹೆಸರು. ಅಳತೆ ತೆಗೆದು ಹೊಲಿಯುವ ದರ್ಜಿ ಇದ್ದ ಹಾಗೆ. ಆದರೆ ಬಟ್ಟೆಯ ಜೊತೆ ಅಳತೆ ಪುಸ್ತಕವನ್ನೂ ಕಳಿಸಬೇಕು, ಹೊಲಿಯಲು ಹೊತ್ತೂ ಬೇಕು. ಡಿಸಿಟಿ ರೆಡಿಮೇಡ್ ಅಂಗಿ. ಯಾರ ಅಳತೆಯನ್ನೂ ತೆಗೆಯುವುದಿಲ್ಲ, ಆದರೆ ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ. ದರ್ಜಿಯ ಅಂಗಿಗೆ ತೀರಾ ಹತ್ತಿರ. ಅಹ್ಮದ್ ಅವರ ಜಾಣತನ ಇರುವುದು ಅಲ್ಲೇ.

ಐವತ್ತು ವರ್ಷ ಆ ಅಂಗಿಯನ್ನೇ ಹಾಕಿಕೊಂಡಿದ್ದೇವೆ. 2003ರ ಎಚ್.264, 2013ರ ಎಚ್.265, 2020ರ ಎಚ್.266 ಪ್ರತಿಯೊಂದೂ ಹಿಂದಿನದಕ್ಕಿಂತ ಸುಮಾರು ಅರ್ಧ ಬಿಟ್‌ನಲ್ಲಿ ಅಷ್ಟೇ ಚೆಂದದ ಚಿತ್ರ ಕೊಡುವ ಗುರಿ ಇಟ್ಟುಕೊಂಡು ಬಂತು. ಆದರೆ ಪ್ರತಿ ಸಲವೂ ಎನ್‌ಕೋಡರಿನ ಕೆಲಸ ಹಲವು ಪಟ್ಟು ಭಾರವಾಯಿತು. ಎಲ್ಲವನ್ನೂ ಹಿಂಡಿ ಆಗಿದೆ, ಇನ್ನೇನು ಉಳಿದಿದೆ ಎಂದು ಟೀ ಹೊತ್ತಿನಲ್ಲಿ ನಾವು ಮಾತಾಡಿಕೊಳ್ಳುತ್ತಿದ್ದ ಕಾಲದಲ್ಲಿ ನ್ಯೂರಲ್ ನೆಟ್‌ವರ್ಕ್ ಬಂತು.

ಅದು ದರ್ಜಿಯನ್ನು ವಾಪಸು ಕರೆತಂದಿತು ಎನ್ನಬಹುದು. ಲಕ್ಷಾಂತರ ಮೈಗಳನ್ನು ಈಗಾಗಲೇ ನೋಡಿರುವ, ಹೊಸಬರನ್ನು ಕಂಡೊಡನೆ ಅಂದಾಜಿನಲ್ಲೇ ಕತ್ತರಿ ಹಾಕುವ ದರ್ಜಿ. 2016ರಲ್ಲಿ ಯೊಹಾನೆಸ್ ಬಲ್ಲೆ ಮತ್ತು ಸಂಗಡಿಗರು ತೋರಿಸಿದ ದಾರಿ ಹೀಗೆ: ಒಂದು ನೆಟ್‌ವರ್ಕ್ ಚಿತ್ರವನ್ನು ಕೆಲವೇ ಸಂಖ್ಯೆಗಳಾಗಿ ಕುಗ್ಗಿಸುತ್ತದೆ, ಇನ್ನೊಂದು ಅವುಗಳಿಂದ ಚಿತ್ರವನ್ನು ಮರಳಿ ಕಟ್ಟುತ್ತದೆ. ತರಬೇತಿಯಲ್ಲಿ ಅದಕ್ಕೆ ಒಂದೇ ಗುರಿ. ಕಳಿಸಿದ ಬಿಟ್ ಎಷ್ಟು, ಕೆಟ್ಟ ಚಿತ್ರ ಎಷ್ಟು, ಎರಡನ್ನೂ ತೂಗಿ ಕೂಡಿದ ಮೊತ್ತ ಆದಷ್ಟು ಕಡಿಮೆ ಇರಬೇಕು. ಕೊಸೈನನ್ನು ಯಾರೂ ಅದಕ್ಕೆ ಹೇಳಿಕೊಡುವುದಿಲ್ಲ. ಒಂದು ತೊಡಕಿತ್ತು: ಸಂಖ್ಯೆಯನ್ನು ದುಂಡು ಮಾಡುವ ಕ್ರಿಯೆಗೆ ಇಳಿಜಾರು ಇಲ್ಲ, ಮೆಟ್ಟಿಲು ಮಾತ್ರ. ಇಳಿಜಾರಿಲ್ಲದೆ ನೆಟ್‌ವರ್ಕ್ ಕಲಿಯಲಾರದು. ಹಾಗಾಗಿ ಕಲಿಯುವ ಹೊತ್ತಿನಲ್ಲಿ ದುಂಡು ಮಾಡುವ ಬದಲು ಸ್ವಲ್ಪ ಗದ್ದಲ ಬೆರೆಸಿದರು. ಎಷ್ಟು ಸರಳ! ಇಂಥ ಸರಳ ಉಪಾಯಗಳನ್ನು ಕಂಡಾಗ ಆ 1972ರ ವಿಮರ್ಶಕರು ನೆನಪಾಗುತ್ತಾರೆ.

2019ರಲ್ಲಿ ಇದೇ ದಾರಿ ವಿಡಿಯೋಗೆ ಬಂತು. ಮೈಕ್ರೋಸಾಫ್ಟ್ ರಿಸರ್ಚ್ ಏಷ್ಯಾದವರ ಡಿಸಿವಿಸಿ ಸರಣಿ ಈಗ ಮುಂಚೂಣಿಯಲ್ಲಿದೆ. 2025ರ ಅದರ ಡಿಸಿವಿಸಿ-ಆರ್‌ಟಿ ಎಚ್.266ರ ಮಾದರಿ ಎನ್‌ಕೋಡರಿಗಿಂತ ಸರಾಸರಿ 21 ಶೇಕಡಾ ಕಡಿಮೆ ಬಿಟ್ ತೆಗೆದುಕೊಂಡು, ಫುಲ್ ಎಚ್‌ಡಿಯನ್ನು ಸೆಕೆಂಡಿಗೆ ನೂರಕ್ಕೂ ಹೆಚ್ಚು ಫ್ರೇಮ್ ವೇಗದಲ್ಲಿ ಮುಗಿಸುತ್ತದೆ. ಆದರೆ ಡೇಟಾ ಸೆಂಟರಿನಲ್ಲಿ ಇಡುವಂಥ ಜಿಪಿಯು ಮೇಲೆ. ನನ್ನ ಅಮ್ಮನ ಫೋನಿನಲ್ಲಿ ಅಲ್ಲ. ಎಚ್.264 ಬಿಚ್ಚಲು ಅಗ್ಗದ ಫೋನಿನಲ್ಲೂ ಪ್ರತ್ಯೇಕ ಸರ್ಕ್ಯೂಟ್ ಇದೆ, ಬ್ಯಾಟರಿ ತಿನ್ನುವುದಿಲ್ಲ. ನೆಟ್‌ವರ್ಕಿಗೆ ಹಾಗಿಲ್ಲ. ಇನ್ನೊಂದು ತಲೆನೋವು ಹೊರಗಿನವರಿಗೆ ತಮಾಷೆಯಾಗಿ ಕಾಣಬಹುದು: ಎರಡು ಬೇರೆ ಬೇರೆ ಚಿಪ್‌ಗಳು ದಶಮಾಂಶ ಲೆಕ್ಕವನ್ನು ಕೊನೆಯ ಅಂಕಿಯಲ್ಲಿ ಕೂದಲೆಳೆಯಷ್ಟು ಬೇರೆಯಾಗಿ ಮಾಡುತ್ತವೆ. ಚೆನ್ನೈನ ಲ್ಯಾಪ್‌ಟಾಪ್ ಒಂದು ಲೆಕ್ಕ ಹಾಕಿ ಕಳಿಸಿ, ಕೊಪ್ಪದ ಫೋನ್ ಕೂದಲೆಳೆ ಬೇರೆ ಲೆಕ್ಕ ಹಾಕಿ ಬಿಚ್ಚಲು ಹೋದರೆ ಮುಂದಿನ ಬಿಟ್‌ಗಳೆಲ್ಲ ತಪ್ಪು ಬೀಗಕ್ಕೆ ಹಾಕಿದ ಕೀಲಿಗಳಾಗುತ್ತವೆ, ಚಿತ್ರ ಪೂರ್ತಿ ಚೆಲ್ಲಾಪಿಲ್ಲಿ. ಅದಕ್ಕೇ ಎಲ್ಲವನ್ನೂ ಪೂರ್ಣಾಂಕದಲ್ಲಿ ಮಾಡುವ ಪ್ರಯತ್ನ ನಡೆದಿದೆ.

ಸದ್ದಿಲ್ಲದೆ ಬಳಕೆಗೆ ಬಂದಿರುವ ದಾರಿಗಳೂ ಇವೆ. ನೆಟ್‌ಫ್ಲಿಕ್ಸ್ 2022ರಲ್ಲಿ ತಿಳಿಸಿದಂತೆ, ಚಿತ್ರವನ್ನು ಚಿಕ್ಕದು ಮಾಡುವ ಒಂದು ಹಂತಕ್ಕೆ ಮಾತ್ರ ನ್ಯೂರಲ್ ನೆಟ್‌ವರ್ಕ್ ಹಾಕಿ, ಆಮೇಲಿನದನ್ನು ಹಳೆಯ ಕೋಡೆಕ್‌ಗೇ ಬಿಟ್ಟಿದ್ದಾರೆ. ನಿಮ್ಮ ಟಿವಿ ಬದಲಾಗಬೇಕಿಲ್ಲ. ಇದು ನನಗೆ ತುಂಬ ಇಷ್ಟವಾದ ಮಾದರಿ, ಮನೆ ಕೆಡವದೆ ಒಂದು ಕಿಟಕಿ ಬದಲಿಸಿದ ಹಾಗೆ. ಚಿತ್ರಗಳಿಗೆ ಜೆಪೆಗ್ ಎಐ ಎಂಬ ಅಂತರರಾಷ್ಟ್ರೀಯ ಮಾನದಂಡವೇ 2025ರಲ್ಲಿ ಪ್ರಕಟವಾಯಿತು.

ಇಲ್ಲಿಯವರೆಗೆ ಎಲ್ಲ ಶುಭ. ಈಗ ನನ್ನ ನಿದ್ದೆಗೆಡಿಸುವ ವಿಷಯಕ್ಕೆ ಬರುತ್ತೇನೆ.

ಹಳೆಯ ಕೋಡೆಕ್ ಸೋತಾಗ ಸೋತೆ ಎಂದು ಹೇಳುತ್ತದೆ. ನೆಟ್‌ವರ್ಕ್ ಕಡಿಮೆಯಾದರೆ ಮುಖ ಚೌಕಚೌಕವಾಗುತ್ತದೆ, ಅಂಚು ಮಸುಕಾಗುತ್ತದೆ. ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ: ಇಲ್ಲಿ ಮಾಹಿತಿ ಇಲ್ಲ. ಬಿಟ್ ತೀರಾ ಕಡಿಮೆ ಇದ್ದಾಗಲೂ ಚೆಂದ ಕಾಣಬೇಕು ಎಂದು ಕಲಿಸಿದ ಜನರೇಟಿವ್ ಕೋಡೆಕ್‌ಗಳು ಹಾಗೆ ಹೇಳುವುದಿಲ್ಲ. ಇಲ್ಲದ ಜಾಗವನ್ನು ಇರಬಹುದಾದ್ದರಿಂದ ತುಂಬುತ್ತವೆ. ಕೂದಲು ಬೇಕೇ, ಕೂದಲು ಬರೆಯುತ್ತವೆ. ಚರ್ಮ ಬೇಕೇ, ನುಣ್ಣನೆ ಚರ್ಮ. 2020ರಲ್ಲಿ ಎನ್‌ವಿಡಿಯಾ ತೋರಿಸಿದ ಮ್ಯಾಕ್ಸಿನ್‌ನಲ್ಲಿ ಮುಖದ ಕೆಲವು ಗುರುತು ಬಿಂದುಗಳನ್ನಷ್ಟೇ ಕಳಿಸಿ, ಮುಖವನ್ನು ಆ ತುದಿಯಲ್ಲಿ ಮರಳಿ ಬರೆಯುತ್ತಿದ್ದರು. ಎಚ್.264ರ ಹತ್ತನೇ ಒಂದು ಭಾಗದಲ್ಲಿ ಕೆಲಸ ಮುಗಿಯುತ್ತದೆ ಎಂದು ಕಂಪನಿ ಹೇಳಿತು. ನಿಜವೇ ಇರಬೇಕು. ಆದರೆ ಕಾಣುವುದು ಅಮ್ಮನ ಮುಖವೋ, ಅಮ್ಮನ ಮುಖದ ಒಳ್ಳೆಯ ಚಿತ್ರವೋ? ಇಸ್ರೇಲಿನ ಬ್ಲಾವ್ ಮತ್ತು ಮಿಖಾಯೆಲಿ 2018ರಲ್ಲಿ ಗಣಿತದಲ್ಲೇ ತೋರಿಸಿದ್ದಾರೆ: ಒಂದು ಮಿತಿ ದಾಟಿದ ಮೇಲೆ ಚಿತ್ರ ಹೆಚ್ಚು ಸಹಜವಾಗಿ ಕಾಣಬೇಕೆಂದರೆ ಮೂಲದಿಂದ ಹೆಚ್ಚು ದೂರ ಹೋಗಲೇಬೇಕು. ಎಷ್ಟೇ ದೊಡ್ಡ ನೆಟ್‌ವರ್ಕ್ ತಂದರೂ ಇದರಿಂದ ತಪ್ಪಿಸಿಕೊಳ್ಳಲಾಗದು.

ಇದು ಹೊಸ ಭಯವೂ ಅಲ್ಲ. 2013ರಲ್ಲಿ ಡೇವಿಡ್ ಕ್ರೀಸೆಲ್ ಎಂಬ ಜರ್ಮನ್ ತಜ್ಞರು ಒಂದು ಕಟ್ಟಡದ ನಕ್ಷೆಯನ್ನು ಝೆರಾಕ್ಸ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿದಾಗ, ಬೇರೆ ಬೇರೆ ಅಳತೆಯ ಮೂರು ಕೋಣೆಗಳಿಗೂ 14.13 ಎಂದೇ ಬಂತು. ಒಂದೇ ತರಹ ಕಾಣುವ ಗುರುತುಗಳಿಗೆ ಒಂದನ್ನೇ ಉಳಿಸಿ ಮರುಬಳಸುವ ಕಂಪ್ರೆಷನ್ನು ಅದರಲ್ಲಿತ್ತು. ಬೇರೆ ಕಾಗದಗಳಲ್ಲಿ 6 ಎಂಬುದು 8 ಆಗಿತ್ತು. ಅಂಕಿಗಳು ಎಲ್ಲೂ ಮಸುಕಾಗಿರಲಿಲ್ಲ, ಚೊಕ್ಕವಾಗಿ ತಪ್ಪಾಗಿದ್ದವು. ಅಲ್ಲಿ ನ್ಯೂರಲ್ ನೆಟ್‌ವರ್ಕ್ ಇರಲೂ ಇಲ್ಲ.

ಕಳೆದ ಮಳೆಗಾಲದಲ್ಲಿ ಇದು ನಮ್ಮ ಮನೆಯ ವಿಷಯವೇ ಆಯಿತು. ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ, ಹಳೆಯದು. ಕಾಲಿನ ಬೆರಳ ಸಂದಿಯಲ್ಲಿ ಒಂದು ಗಾಯ ಆಗಿತ್ತು. ಊರು ಕೊಪ್ಪ ತಾಲ್ಲೂಕಿನ ಒಳಗೆ. ಅಂಗಳದ ತುದಿಗೆ, ಅಡಿಕೆ ತೋಟದ ಬೇಲಿಯ ಹತ್ತಿರ ನಿಂತರೆ ಎರಡು ಕಡ್ಡಿ ಸಿಗ್ನಲ್ಲು. ಅಮ್ಮ ಅಪ್ಪಯ್ಯನನ್ನು ಅಲ್ಲೇ ಕುರ್ಚಿ ಹಾಕಿ ಕೂರಿಸಿ, ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಫೋನು ಹಿಡಿದು, ‘ಕಾಣ್ತಾ ಮಗಾ? ಸಮಾ ಕಾಣ್ತಾ?’ ಎಂದು ಕೇಳುತ್ತಿದ್ದಳು. ಸಮಾ ಕಾಣುತ್ತಿರಲಿಲ್ಲ. ಗಾಯದ ಸುತ್ತ ಕೆಂಪು ಹರಡಿದೆಯೋ ಇಲ್ಲವೋ ಎನ್ನುವುದು ಅಲ್ಲಿ ಮುಖ್ಯ. ಅಷ್ಟರಲ್ಲೇ ಬಣ್ಣದ ಮಾಹಿತಿಯನ್ನೇ ನಾವು ನಾಲ್ಕರಲ್ಲಿ ಒಂದಕ್ಕೆ ಇಳಿಸಿರುತ್ತೇವೆ. ಪರದೆಯ ಮೇಲೆ ಒಂದು ಕಂದು ಚೌಕ, ಪಕ್ಕದಲ್ಲಿ ಇನ್ನೊಂದು ಕಂದು ಚೌಕ.

ಕೊಪ್ಪದಲ್ಲಿ ಅವರನ್ನು ನೋಡುವ ಡಾಕ್ಟರಿಗೆ ಫೋನು ಮಾಡಿದೆ. ‘ವಿಡಿಯೋ ಕಾಲಲ್ಲಿ ಕಾಲು ನೋಡಿ ನಾನು ಎಂತದೂ ಹೇಳಲ್ಲ ಮಾರಾಯ್ರೆ’ ಎಂದರು. ‘ಬೆಳಕಲ್ಲಿ ಒಂದು ಫೋಟೋ ತೆಗೆಸಿ, ವಾಟ್ಸ್‌ಆ್ಯಪಲ್ಲಿ ಫೋಟೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಕಳಿಸಲಿಕ್ಕೆ ಹೇಳಿ. ಆಗ ಕುಗ್ಗಲ್ಲ.’ ನನ್ನ ಕಸುಬಿನ ಪಾಠವನ್ನು ನನಗೇ ಹೇಳಿದರು. ನಾನು ಸುಮ್ಮನೆ ಒಂದು ಪ್ರಶ್ನೆ ಹಾಕಿದೆ: ಇನ್ನು ಎರಡು ಮೂರು ವರ್ಷದಲ್ಲಿ ಎರಡು ಕಡ್ಡಿಯಲ್ಲೂ ಚರ್ಮ ಸ್ಪಷ್ಟವಾಗಿ ಕಾಣುವ ವಿಡಿಯೋ ಬರುತ್ತದೆ, ಆಗ ನೋಡುತ್ತೀರಾ? ಹೇಗೆ ಎಂದು ಕೇಳಿದರು. ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಸುಕಿದ್ರೆ ಕರ್ಕೊಂಡು ಬನ್ನಿ ಅಂತೀನಿ. ಚೆಂದ ಕಂಡ್ರೆ ಹಾಗೆ ಹೇಳ್ತೀನಾ?’ ಎಂದರು. ಫೋಟೋ ಹೋಯಿತು, ನೋಡಿ ಅವತ್ತೇ ಬರಹೇಳಿದರು. ಒಂದೂವರೆ ತಿಂಗಳು ಡ್ರೆಸಿಂಗ್ ಆಯಿತು. ಬೆರಳು ಉಳಿಯಿತು.

ನಮ್ಮ ತಂಡದಲ್ಲಿ ಆಗ ಇಂಥದೇ ಒಂದು ‘ಕಡಿಮೆ ನೆಟ್‌ವರ್ಕ್ ಮೋಡ್’ ತಯಾರಾಗುತ್ತಿತ್ತು. ಅದು ಸಿಗ್ನಲ್ ಕುಸಿದಾಗ ತಾನಾಗಿ ಶುರುವಾಗಬೇಕೋ, ಬಳಸುವವರು ಒಪ್ಪಿ ಒತ್ತಬೇಕೋ ಎಂಬ ಚರ್ಚೆ ವಾರಗಟ್ಟಲೆ ನಡೆಯಿತು. ಮಾರಾಟದವರಿಗೆ ತಾನಾಗಿ ಆಗಬೇಕು. ಅವರ ಮಾತಲ್ಲೂ ಹುರುಳಿದೆ, ಒಪ್ಪಿಗೆಯ ಪೆಟ್ಟಿಗೆ ಕಂಡರೆ ನಮ್ಮ ಅಮ್ಮಂದಿರು ಕಾಲ್ ಕಟ್ ಮಾಡುತ್ತಾರೆ. ನನಗಿದ್ದ ತಕರಾರು ಬೇರೆ: ತಪ್ಪಾದರೆ ಹಿಡಿಯುವವರು ಯಾರು? ಪಿಎಸ್‌ಎನ್‌ಆರ್, ವಿಮ್ಯಾಫ್ ಎಂದು ಗುಣಮಟ್ಟ ಅಳೆಯುವ ಅಂಕಗಳಿವೆ. ಇಡೀ ಚಿತ್ರಕ್ಕೆ ಒಂದು ಅಂಕ ಕೊಡುತ್ತವೆ, ಒಂದು ಮೂಲೆಯ ಒಂದು ಗೆರೆ ಬದಲಾದರೆ ಅವಕ್ಕೆ ಲೆಕ್ಕಕ್ಕೇ ಬರುವುದಿಲ್ಲ.

ಅದು ಪರೀಕ್ಷೆಯಲ್ಲೇ ಕಣ್ಣಿಗೆ ಬಿತ್ತು. ಕನ್ನಡ ಸುದ್ದಿ ವಾಹಿನಿಯ ಮಾದರಿಯಲ್ಲಿ ಕೆಳಗೆ ಅಕ್ಷರ ಓಡುವ ಒಂದು ತುಣುಕನ್ನು ನಾನೇ ಮಾಡಿ ಹಾಕಿದ್ದೆ. ‘ಭಾರಿ ಗಾಳಿ: ಮರ ಬಿದ್ದು ಸಂಚಾರ ಬಂದ್’. ಹಳೆಯ ಕೋಡೆಕ್‌ನಲ್ಲಿ ಅದು ಓದಲಾಗದಷ್ಟು ಮಸುಕಾಗಿತ್ತು. ಹೊಸ ಮೋಡ್‌ನಲ್ಲಿ ಪಕ್ಕದ ಸೀಟಿನ ತಮಿಳು ಗೆಳೆಯ ‘ರೊಂಬ ಶಾರ್ಪಾ ಇರುಕ್ಕು’ ಎಂದು ಹೆಬ್ಬೆರಳು ಎತ್ತಿದ. ಶಾರ್ಪಾಗಿಯೇ ಇತ್ತು. ಆದರೆ ಅಲ್ಲಿ ಬಿದ್ದಿದ್ದು ಮರ ಅಲ್ಲ, ವರ. ‘ಮ’ದ ಬಲಗಡೆಯ ಕೊಂಬು ಉದುರಿಹೋಗಿ ದುಂಡನೆಯ ಅಚ್ಚುಕಟ್ಟಾದ ‘ವ’ ಕೂತಿತ್ತು. ನಾನು ಬಿದ್ದು ಬಿದ್ದು ನಕ್ಕೆ. ಅವನಿಗೆ ಅರ್ಥ ಮಾಡಿಸಲು ಐದು ನಿಮಿಷ ಬೇಕಾಯಿತು. ಆ ಕೋಣೆಯಲ್ಲಿದ್ದವರಲ್ಲಿ ಕನ್ನಡ ಓದಬಲ್ಲವನು ನಾನೊಬ್ಬನೇ. ನಾನು ರಜೆಯಲ್ಲಿದ್ದಿದ್ದರೆ ಆ ತುಣುಕಿಗೆ ಒಳ್ಳೆಯ ಅಂಕ ಬೀಳುತ್ತಿತ್ತು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಈ ಕ್ಷೇತ್ರದಲ್ಲಿ ಎಲ್ಲರೂ ತರಬೇತಿಗೆ ಬಳಸುವ ವಿಮಿಯೋ-90ಕೆ ಎಂಬ ಸಂಗ್ರಹ ವಿಮಿಯೋ ತಾಣದಿಂದ ಆಯ್ದ ಸುಮಾರು 90 ಸಾವಿರ ತುಣುಕುಗಳದ್ದು. ಪರೀಕ್ಷೆಗೆ ಫಿನ್‌ಲೆಂಡಿನ ತಾಂಪೆರೆಯವರು ಕೊಟ್ಟ ತುಣುಕುಗಳು: ಕುದುರೆ ಸವಾರ, ದೋಣಿ, ಹೂವಿನ ಮೇಲಿನ ಜೇನುಹುಳ. ಒಳ್ಳೆಯ ತುಣುಕುಗಳೇ. ಅವುಗಳಲ್ಲಿ ಒತ್ತಕ್ಷರ ಇಲ್ಲ, ಯಕ್ಷಗಾನದ ಮುಖವರ್ಣಿಕೆ ಇಲ್ಲ, ಕಂಚಿ ಸೀರೆಯ ಜರಿ ಇಲ್ಲ. ಡಿಸಿಟಿಗೆ ಇದು ಯಾವತ್ತೂ ಸಮಸ್ಯೆ ಆಗಿರಲಿಲ್ಲ, ಅದು ಏನನ್ನೂ ಕಲಿತಿರಲಿಲ್ಲವಲ್ಲ. ಕೊಸೈನಿಗೆ ‘ಮ’ವೂ ಒಂದೇ, ‘ಎಂ’ ಎಂಬ ಇಂಗ್ಲಿಷ್ ಅಕ್ಷರವೂ ಒಂದೇ. ಎರಡನ್ನೂ ಅಷ್ಟೇ ನಿಷ್ಪಕ್ಷಪಾತವಾಗಿ ಕೆಡಿಸುತ್ತದೆ.

ಸದ್ಯಕ್ಕೆ ನಮ್ಮಲ್ಲಿ ಆದ ಒಪ್ಪಂದ ಇಷ್ಟು. ಹೊಸ ಮೋಡ್ ಮುಖಕ್ಕೆ ಮಾತ್ರ, ಅದೂ ಮುಂಬದಿ ಕ್ಯಾಮೆರಾದಲ್ಲಿ ಮಾತ್ರ. ಹಿಂಬದಿ ಕ್ಯಾಮೆರಾ ತಿರುಗಿಸಿದೊಡನೆ, ಅಂದರೆ ಗಾಯವನ್ನೋ ಕಾಗದವನ್ನೋ ಬೋರ್ಡನ್ನೋ ತೋರಿಸಲು ಹೊರಟೊಡನೆ, ಹಳೆಯ ಕೋಡೆಕ್‌ಗೆ ಮರಳಬೇಕು, ಮಸುಕಾದರೆ ಮಸುಕಾಗಲಿ. ಮರುಬರೆದ ಮುಖ ಕಾಣುತ್ತಿರುವಾಗ ಮೂಲೆಯಲ್ಲಿ ಒಂದು ಗುರುತು ಇರಬೇಕು. ಗುರುತು ಎಷ್ಟು ದೊಡ್ಡದಿರಬೇಕು ಎಂಬ ಜಗಳ ಇನ್ನೂ ಮುಗಿದಿಲ್ಲ.

ಶುಕ್ರವಾರ ಮಧ್ಯಾಹ್ನ ಊಟ ಆದ ಮೇಲೆ ಈಗ ನಾನು ಮತ್ತು ಆ ಗೆಳೆಯ ಒಂದು ಗಂಟೆ ಕೂರುತ್ತೇವೆ. ಅವನು ತಮಿಳು ತುಣುಕುಗಳನ್ನು, ನಾನು ಕನ್ನಡದವನ್ನು ಒಂದೊಂದೇ ಫ್ರೇಮ್ ನಿಲ್ಲಿಸಿ ಓದುತ್ತೇವೆ. ಚೆನ್ನೈಗೆ ಬರುವ ನಮ್ಮ ಕೆಎಸ್ಸಾರ್ಟಿಸಿ ಬಸ್ಸಿನ ಬೋರ್ಡು, ಔಷಧಿ ಚೀಟಿ, ಪಡಿತರ ಕಾರ್ಡು, ಟಿ. ನಗರದ ಕರ್ನಾಟಕ ಸಂಘದ ಕಾರ್ಯಕ್ರಮವೊಂದರ ಬ್ಯಾನರು ಇಷ್ಟನ್ನು ಈವರೆಗೆ ಸೇರಿಸಿದ್ದೇನೆ. ಕಳೆದ ವಾರದ ಸರದಿಯಲ್ಲಿ ‘ಪ’ ಒಂದು ಕಡೆ ‘ಷ’ ಆಗಿತ್ತು, ಅವನ ಕಡೆ ‘ன’ ಒಂದು ‘ள’ ಆಗಿತ್ತು. ತೆಲುಗು ಓದಬಲ್ಲ ಹುಡುಗಿಯೊಬ್ಬಳು ಮುಂದಿನ ವಾರದಿಂದ ಬರುತ್ತೇನೆ ಎಂದಿದ್ದಾಳೆ. ಮಲಯಾಳಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ.